ಮ್ಯಾಗಜಿನ್ ಜಾಗದಲ್ಲಿ ಮರದ ತುಂಡು

ದೆಹಲಿಯ ಮಯೂರ್ ವಿಹಾರ್ ಒಂದನೇ ಹಂತದ ಹೌಸಿಂಗ್ ಸೊಸೈಟಿಯೊಂದರ ತಾರಸಿ. ಜನವರಿಯ ಬಿಸಿಲು ಹೊತ್ತೇರಿದ ಮೇಲೆ ಬಂದಿದೆ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಹಾಸನದ ಕಡೆಯವರು, ಸೇನೆಯ ದುರಸ್ತಿ ವಿಭಾಗವಾದ ಇಎಂಇಯಲ್ಲಿ ಆಯುಧ ರಿಪೇರಿ ಮಾಡುವ ಆರ್ಮರರ್ ಆಗಿ ದುಡಿದು ನಿವೃತ್ತರಾದವರು. ಇನ್ನೊಬ್ಬಳು ವಿರಾಜಪೇಟೆಯ ಕಡೆಯವಳು, ಎದುರು ಬ್ಲಾಕಿನಲ್ಲಿ ಮನೆ. ಊರಿನಿಂದ ಅಣ್ಣ ಕಳಿಸಿದ ಫೋಟೋಗಳು ಅವಳ ಫೋನಿನಲ್ಲಿವೆ.

ಅವಳು: ಇದೇ ನೋಡಿ ಅಂಕಲ್, ನಮ್ಮ ಅಜ್ಜನ ಕೋವಿ. ಕೈಲ್‌ಪೊಳ್ದ್ ಹಬ್ಬದಲ್ಲಿ ನಮ್ಮ ಮೂಲಮನೆ ಐನ್‌ಮನೆಯಲ್ಲಿ ಪೂಜೆಗೆ ಇಟ್ಟಾಗ ತೆಗೆದ ಫೋಟೋ. ನೋಡೋಕೆ ಮಿಲಿಟರಿ ರೈಫಲ್ ಥರಾನೇ ಇದೆ. ಆದರೆ ಮ್ಯಾಗಜಿನ್ ಇರಬೇಕಾದ ಕಡೆ ಮರದ ತುಂಡು ಕೂರಿಸಿದ್ದಾರೆ. ಒಂದು ಸಲಕ್ಕೆ ಒಂದೇ ತೋಟೆ. ಯಾರೋ ಕಮ್ಮಾರ ನೋಡಿ ಮಾಡಿದ ನಕಲಿ ಅಂತ ಅಣ್ಣನ ವಾದ.

ಅವರು: ನಳಿಗೆಯ ಬಾಯಲ್ಲಿ ಹೂವಿದೆಯಲ್ಲ.

ಅವಳು: ಅದು ತೋಕ್‌ಪೂ. ಆ ಹಬ್ಬದಲ್ಲಿ ಕೋವಿಗೆ ಆ ಹೂವನ್ನೇ ಮುಡಿಸೋದು.

ಅವರು: ಹೂವು ಚೆನ್ನಾಗಿದೆಯಮ್ಮ, ಆದರೆ ನಾನು ಮೊದಲು ನೋಡಬೇಕಾಗಿರೋದು ಅದರ ಹಿಂದೆ ಇದೆ. ಬೋಲ್ಟ್ ಪೂರ್ತಿ ಹೊರಗೆ ತೆಗೆದು, ಒಳಗೆ ತೋಟೆ ಇಲ್ಲ ಅನ್ನೋದನ್ನ ಬೆರಳಿಟ್ಟು ಖಾತ್ರಿ ಮಾಡಿಕೊಂಡು, ಹಿಂದಿನಿಂದ ಟಾರ್ಚ್ ಬಿಟ್ಟು ನಳಿಗೆಯ ಒಳಗಿನ ಫೋಟೋ ತೆಗೆಯಬೇಕಿತ್ತು.

ಅವಳು: ನೀವು ಹೋದ ವಾರ ಹೇಳಿದ್ದಿರಲ್ಲ, ಅದನ್ನೂ ಕಳಿಸಿದ್ದಾನೆ. ತಗೊಳ್ಳಿ.

ಅವರು: ಹಾಂ. ಇಲ್ಲಿ ನೋಡು. ಸೇನೆಯ ರೈಫಲ್ ಆಗಿದ್ದರೆ ಒಳಗಡೆ ಐದು ಸುರುಳಿ ಗೆರೆ ಎಡಕ್ಕೆ ತಿರುಗಿಕೊಂಡು ಹೋಗಿರಬೇಕಿತ್ತು. ಆ ಗೆರೆಗಳಿಂದಲೇ ಗುಂಡು ತನ್ನ ಸುತ್ತ ತಾನು ತಿರುಗುತ್ತಾ ನೆಟ್ಟಗೆ ದೂರ ಹೋಗೋದು. ಇಲ್ಲಿ ಒಂದೂ ಇಲ್ಲ. ಗಾಜಿನ ಲೋಟದ ಒಳಮೈ ಥರ ನುಣ್ಣಗಿದೆ. ಅಂದರೆ ಇದು ಹೊರಗಿನಿಂದ ರೈಫಲ್, ಒಳಗಿನಿಂದ ಬರೀ ಕೋವಿ.

ಅವಳು: ಹಾಗಾದರೆ ಅಣ್ಣ ಹೇಳಿದ್ದೇ ಸರಿ. ನಕಲಿ ಮಾಡಿದವನಿಗೆ ಸುರುಳಿ ಗೆರೆ ಕೊರೆಯೋಕೆ ಬರಲಿಲ್ಲ, ಮ್ಯಾಗಜಿನ್ ಮಾಡೋಕೂ ಬರಲಿಲ್ಲ.

ಅವರು: ಅವಸರ ಬೇಡ. ನಕಲಿ ಕೋವಿಗಳು ನಮ್ಮ ಉಪಖಂಡದಲ್ಲಿ ಬೇಕಾದಷ್ಟಿವೆ. ಪೇಶಾವರದ ಆಚೆ, ಕೋಹಟ್ ಕಣಿವೆಯ ದರ್ರಾ ಆದಂ ಖೇಲ್‌ನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮನೆಮನೆಯಲ್ಲೂ ಅದೇ ಕಸುಬು. ಅವರು ಮಾಡಿದ ಮಾರ್ಟಿನಿ-ಹೆನ್ರಿ, ಲೀ-ಎನ್‌ಫೀಲ್ಡ್‌ಗಳನ್ನು ದೂರದಿಂದ ನೋಡಿದರೆ ಗೊತ್ತಾಗಲ್ಲ. ಹತ್ತಿರ ಹೋದರೆ ಅಕ್ಷರವೇ ಹೇಳಿಬಿಡುತ್ತೆ. ಇಂಗ್ಲಿಷ್ ಓದೋಕೆ ಬಾರದ ಕುಶಲಿಗ ಅಕ್ಷರಗಳನ್ನು ಚಿತ್ರ ಅಂತ ನೋಡಿ ಒಂದೊಂದೇ ಗೀರಿ ಕೆತ್ತಿರುತ್ತಾನೆ. 'ಎನ್' ಅಕ್ಷರ ತಿರುಗಾ ಮುರುಗಾ ಆಗಿರುತ್ತೆ. ವಿಕ್ಟೋರಿಯಾ ರಾಣಿಯ 'ವಿ.ಆರ್.' ಮುದ್ರೆಯ ಕೆಳಗೆ 1905 ಅಂತಲೋ 1910 ಅಂತಲೋ ಇರುತ್ತೆ. ರಾಣಿ ತೀರಿಕೊಂಡಿದ್ದು 1901ರ ಜನವರಿಯಲ್ಲಿ. ಸರ್ಕಾರಿ ಕಾರ್ಖಾನೆಯಲ್ಲಿ ಆ ತಪ್ಪು ಆಗೋದೇ ಇಲ್ಲ. ಈಗ ನಿನ್ನ ಅಣ್ಣ ಕಳಿಸಿರೋ ಬಲಮಗ್ಗುಲಿನ ಫೋಟೋ ತೆಗಿ. ಹಿಂಬದಿಯ ಮರ ಬಂದು ಉಕ್ಕಿಗೆ ಸೇರುತ್ತಲ್ಲ, ಆ ಜಾಗ.

ಅವಳು: ಒಂದು ಕಿರೀಟ. ಕೆಳಗೆ ಜಿ.ಆರ್. ಅದರ ಕೆಳಗೆ ಎನ್‌ಫೀಲ್ಡ್, 1917. ಆಮೇಲೆ ಎಸ್‌ಎಚ್‌ಟಿ, ಎಲ್.ಇ. ಕೊನೆಗೆ ರೋಮನ್ ಮೂರು, ಪಕ್ಕದಲ್ಲೊಂದು ನಕ್ಷತ್ರ.

ಅವರು: ಎಲ್ಲಾ ಅಕ್ಷರ ಒಂದೇ ಆಳ, ಒಂದೇ ಅಂತರ. ಅಚ್ಚಿನಿಂದ ಒತ್ತಿದ್ದು, ಕೆತ್ತಿದ್ದಲ್ಲ. ಐದನೇ ಜಾರ್ಜ್‌ನ ಕಾಲ, ಮೊದಲ ಮಹಾಯುದ್ಧ. ಲಂಡನ್ನಿನ ಉತ್ತರಕ್ಕಿರೋ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆ. ಎಸ್‌ಎಚ್‌ಟಿ ಎಲ್.ಇ. ಅಂದರೆ ಗಿಡ್ಡ ಲೀ-ಎನ್‌ಫೀಲ್ಡ್. ಮೂರರ ಪಕ್ಕದ ನಕ್ಷತ್ರ ಯುದ್ಧದ ಅವಸರದ ಗುರುತು. ಬೇಗ ಬೇಗ ತಯಾರಾಗಲಿ ಅಂತ ಕೆಲವು ಬಿಡಿಭಾಗ ಕೈಬಿಟ್ಟ ಮಾದರಿ. ಹುಟ್ಟಿದಾಗ ಇದಕ್ಕೆ ಹತ್ತು ತೋಟೆಯ ಮ್ಯಾಗಜಿನ್ ಇತ್ತು, .303 ಇಂಚಿನ ನಳಿಗೆ ಇತ್ತು. ನಮ್ಮ ಲೆಕ್ಕದಲ್ಲಿ 7.7 ಮಿಲಿಮೀಟರ್. ಬೋಲ್ಟ್ ಹಿಡಿಯ ಹಿಂಬದಿಯ ಸಂಖ್ಯೆಯೂ ನಳಿಗೆಯ ಬುಡದ ಸಂಖ್ಯೆಯೂ ಒಂದೇನಾ ನೋಡು.

ಅವಳು: ಒಂದೇ.

ಅವರು: ಹಾಗಿದ್ದರೆ ನೂರು ವರ್ಷವಾದರೂ ಬೋಲ್ಟ್ ಬದಲಾಗಿಲ್ಲ. ಮೈ ಅಸಲಿ. ನಿಮ್ಮ ಅಣ್ಣನಿಗೆ ಹೇಳು, ಕಮ್ಮಾರನ ಮಾತು ಇಲ್ಲಿಗೆ ಮುಗಿಯಿತು.

ಅವಳು: ಅಸಲಿ ರೈಫಲ್ಲನ್ನ ಯಾರಾದರೂ ಬೇಕು ಅಂತಲೇ ಹಾಳು ಮಾಡ್ತಾರಾ? ಹತ್ತು ಗುಂಡಿನ ಕೋವಿಯನ್ನ ಒಂದು ಗುಂಡಿಗೆ ಇಳಿಸೋದು, ನೇರ ಹೋಗೋ ಗುಂಡನ್ನ ಸೊಟ್ಟ ಮಾಡೋದು?

ಅವರು: ಇಡೀ ಕಥೆ ಇರೋದು ಆ ಪ್ರಶ್ನೆಯಲ್ಲೇ. ಮರದ ಮುಂಗೈ ಇದೆಯಲ್ಲ, ಮ್ಯಾಗಜಿನ್ ಜಾಗಕ್ಕಿಂತ ಸ್ವಲ್ಪ ಮುಂದೆ, ಅಡ್ಡಲಾಗಿ ತೂರಿರೋ ಒಂದು ಸ್ಕ್ರೂ ಕಾಣುತ್ತಾ?

ಅವಳು: ಹೌದು, ಎರಡೂ ಕಡೆ ತಲೆ ಕಾಣುತ್ತೆ.

ಅವರು: ಇಂಗ್ಲೆಂಡಿನಲ್ಲಿ ಆ ಸ್ಕ್ರೂ ಹಾಕುತ್ತಿರಲಿಲ್ಲ. ಅದು ಇಶಾಪುರದ ಕೈ. ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿ ದಂಡೆಯಲ್ಲಿ ಮೊದಲು ಮದ್ದಿನ ಕಾರ್ಖಾನೆ ಇದ್ದ ಜಾಗದಲ್ಲೇ 1904ರಲ್ಲಿ ರೈಫಲ್ ಕಾರ್ಖಾನೆ ಶುರುವಾಯಿತು. ನಮ್ಮ ಹವೆಗೆ ಮರ ಸೀಳದಿರಲಿ ಅಂತ ಅಲ್ಲಿಯವರು ಆ ಸ್ಕ್ರೂ ಬಿಗಿದರು. ಈಗ ಈ ಕೊನೆಯ ಫೋಟೋ ದೊಡ್ಡದು ಮಾಡು. '.410' ಅಂತ ಒತ್ತಿದ್ದಾರೆ. ಈ ಅಕ್ಷರದ ಅಚ್ಚು ಬೇರೆ, 1917ರದ್ದಲ್ಲ. ನಿಮ್ಮ ಅಜ್ಜನ ಕೋವಿಗೆ ಪೊಲೀಸ್ ಠಾಣೆಗಳಲ್ಲಿ ಹೆಸರೇ ಇದೆ, '410 ಮಸ್ಕೆಟ್' ಅಂತ. ಇಶಾಪುರದಲ್ಲಿ ಸೇನೆಯ .303 ರೈಫಲ್ಲುಗಳನ್ನೇ ತಗೊಂಡು, ನಳಿಗೆಯನ್ನ .410 ಇಂಚಿಗೆ ಅಗಲ ಮಾಡಿ, ಒಳಗಿನ ಗೆರೆ ತೆಗೆದು, ಮ್ಯಾಗಜಿನ್ ಗುಂಡಿಗೆ ಮರ ತುಂಬಿಸಿ ಪೊಲೀಸರಿಗೆ, ಜೈಲು ಕಾವಲಿಗೆ ಕೊಟ್ಟರು.

ಅವಳು: 410 ಅಂದರೆ ನಮ್ಮ ಕಡೆ 12 ಬೋರು ಅಂತಾರಲ್ಲ, ಆ ಲೆಕ್ಕವಾ?

ಅವರು: ಅಲ್ಲ. ಕೆಳಗೆ ಮಾರ್ಕೆಟ್ಟಿನ ಬ್ಯಾಂಕಿನಲ್ಲಿ ಕಾವಲುಗಾರ ಹಿಡಿದು ಕೂತಿರ್ತಾನಲ್ಲ, ಅದು 12 ಬೋರು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮಗುಂಡು ಎರಕ ಹೊಯ್ದರೆ ಅದರಲ್ಲಿ ಒಂದು ಕೂರುವಷ್ಟು ನಳಿಗೆಯ ಅಗಲ. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಚಿಕ್ಕದು. 410 ಆ ಲೆಕ್ಕಕ್ಕೆ ಸೇರಿದ್ದಲ್ಲ, ಅದು ನೇರ ಇಂಚಿನ ಅಳತೆ, ಸುಮಾರು 10.4 ಮಿಲಿಮೀಟರ್. ಬೋರಿನ ಲೆಕ್ಕಕ್ಕೆ ಹಾಕಿದರೆ ಅರವತ್ತೇಳು ಅರವತ್ತೆಂಟು ಆಗುತ್ತೆ. ಇದರ ತೋಟೆಯಲ್ಲೂ ಒಂದು ಜಾಣತನ ಇದೆ. .303 ತೋಟೆಯ ಹಿತ್ತಾಳೆ ಕೋಶ ಮೊದಲು ನೇರ ಕೊಳವೆ. ಆಮೇಲೆ ಅದರ ಕತ್ತು ಹಿಸುಕಿ ಕಿರಿದು ಮಾಡ್ತಾರೆ. ಮಸ್ಕೆಟ್ಟಿಗೆ ಆ ಕತ್ತು ಹಿಸುಕದೆ ಹಾಗೇ ಬಿಟ್ಟರು. ಬುಡ ಅದೇ, ಅಂಚು ಅದೇ, ಹಾಗಾಗಿ ಬೋಲ್ಟ್ ಮುಟ್ಟಬೇಕಾಗಲಿಲ್ಲ. ಒಳಗೆ ಒಂಟಿ ಗುಂಡು ಅಥವಾ ಚರೆ.

ಅವಳು: ಕೆಲಸ ಚೊಕ್ಕವಾಗಿದೆ. ಆದರೆ ಯಾಕೆ?

ಅವರು: ಯಾಕೆ ಅನ್ನೋದಕ್ಕೆ 1857ಕ್ಕೆ ಹೋಗಬೇಕು. ಸಿಪಾಯಿಗಳ ದಂಗೆ ಎದ್ದಿದ್ದು ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟೆಯ ವಿಷಯಕ್ಕೆ ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದೀವಿ. ದಂಗೆ ಅಡಗಿದ ಮೇಲೆ ಬ್ರಿಟಿಷರು ಅದೇ ಕೋವಿಗೆ ಏನು ಮಾಡಿದರು ಅನ್ನೋದನ್ನ ಓದಿಲ್ಲ. 1858ರಲ್ಲಿ ಭಾರತದ ಸಿಪಾಯಿಗಳಿಗಾಗಿಯೇ ಒಂದು ಮಾದರಿ ಮಾಡಿದರು. ಹೊರಗಿನಿಂದ ಅದೇ ಎನ್‌ಫೀಲ್ಡ್. ನಳಿಗೆ ಮಾತ್ರ .577ರ ಬದಲು .656 ಇಂಚು, ಒಳಗೆ ಗೆರೆ ಇಲ್ಲ. ಗೋರಾ ಸೈನಿಕನ ಗುಂಡು ದೂರ ಹೋಗಬೇಕು, ಸಿಪಾಯಿಯ ಗುಂಡು ಅಷ್ಟು ದೂರ ಹೋಗಬಾರದು. ಆಮೇಲೆ ಗೋರಾಗಳಿಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರ ಕೈಗೆ ಅವರು ಬಿಟ್ಟ ಸ್ನೈಡರ್ ಬಂತು. ಗೋರಾಗಳು ಮ್ಯಾಗಜಿನ್ ರೈಫಲ್ ಹಿಡಿದಾಗ ನಮ್ಮವರಿಗೆ ಅವರು ಕೆಳಗಿಟ್ಟ ಮಾರ್ಟಿನಿ ಸಿಕ್ಕಿತು. ಯಾವಾಗಲೂ ಒಂದು ತಲೆಮಾರು ಹಿಂದೆ. ಮೊದಲ ಮಹಾಯುದ್ಧದಲ್ಲಿ ನಮ್ಮ ಸೈನಿಕರು ಇದೇ ಮಾದರಿಯ ಲೀ-ಎನ್‌ಫೀಲ್ಡ್ ಹಿಡಿದು ಹೋರಾಡಿದ್ದಾರೆ, ಅದು ನಿಜ. ಆದರೆ ಯುದ್ಧ ಮುಗಿದು ಅದೇ ರೈಫಲ್ ಊರೊಳಗಿನ ಠಾಣೆಗೆ ಬರಬೇಕಾದಾಗ 1858ರ ಬುದ್ಧಿ ಮತ್ತೆ ಎಚ್ಚರವಾಯಿತು. ಗೆರೆ ತೆಗಿ, ಮ್ಯಾಗಜಿನ್ ಮುಚ್ಚು. ಕಾನ್‌ಸ್ಟೇಬಲ್ ನಮ್ಮ ಸಂಬಳ ತಿನ್ನುತ್ತಾನೆ, ಆದರೂ ಅವನು ಈ ಊರಿನವನು ಅನ್ನೋದು ಬ್ರಿಟಿಷರ ಲೆಕ್ಕ.

ಅವಳು: ನಾನು ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅದರಲ್ಲಿ ಒಂದು ಒಳ್ಳೆಯದೂ ಇಲ್ಲವಾ? .303 ಗುಂಡು ಎಷ್ಟು ದೂರ ಹೋಗುತ್ತೆ?

ಅವರು: ಸೆಕೆಂಡಿಗೆ ಏಳುನೂರು ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತೆ. ಎರಡು ಕಿಲೋಮೀಟರ್ ದಾಟಿದರೂ ತಗುಲಿದವನ ಪ್ರಾಣ ತೆಗೆಯಬಲ್ಲದು.

ಅವಳು: ಪೇಟೆ ಬೀದಿಯಲ್ಲಿ ಗಲಾಟೆ ಆಗುತ್ತೆ, ಪೊಲೀಸಿನವನು ಗುಂಡು ಹಾರಿಸ್ತಾನೆ ಅಂದುಕೊಳ್ಳಿ. ಇಲ್ಲಿ ಹೊಡೆದ ಗುಂಡು ಪಕ್ಕದ ಸಂಜಯ್ ಕೆರೆ ದಾಟಿ ಇನ್ಯಾವುದೋ ಬಡಾವಣೆಯ ಬಾಲ್ಕನಿಯಲ್ಲಿ ನಿಂತವರಿಗೆ ತಗುಲುತ್ತೆ. ಆ ಲೆಕ್ಕದಲ್ಲಿ ಈ ಮಸ್ಕೆಟ್ಟೇ ಮೇಲಲ್ವಾ?

ಅವರು: ನೀನು ಹೇಳೋದರಲ್ಲಿ ಹುರುಳಿದೆ. ಊರೊಳಗೆ ಯುದ್ಧದ ರೈಫಲ್ ಹಿಡಿಸೋದೇ ತಪ್ಪು ಅನ್ನೋದನ್ನ ನಾನೂ ಒಪ್ಪುತ್ತೀನಿ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ರಾಜ್ಯಗಳ ಪೊಲೀಸರು 410 ಮಸ್ಕೆಟ್ ಇಟ್ಟುಕೊಂಡಿದ್ದರಲ್ಲಿ ಆ ಯೋಚನೆ ಇತ್ತು. ಆದರೆ ನೋಡು, ಬೀದಿಯ ಜನರ ಪ್ರಾಣದ ಚಿಂತೆ ಒಂದೇ ಆಗಿದ್ದರೆ ನಳಿಗೆಯನ್ನ ನುಣ್ಣಗೆ ಮಾಡಿದರೆ ಸಾಕಿತ್ತು. ಮ್ಯಾಗಜಿನ್ ಗುಂಡಿಗೆ ಮರ ತುಂಬಿದ್ದು ಬೇರೆ ಲೆಕ್ಕ. ಠಾಣೆಯ ಕೋವಿ ಕಳುವಾದರೂ, ಪೊಲೀಸಿನವರೇ ತಿರುಗಿ ಬಿದ್ದರೂ, ಎದುರು ನಿಂತ ಸೈನ್ಯದ ಹತ್ತು ಗುಂಡಿಗೆ ಇವರದು ಒಂದೇ ಇರಬೇಕು. ಕೊರೆದ ನಳಿಗೆಯಲ್ಲಿ ಜನರ ಮೇಲಿನ ಕರುಣೆಯೂ ಇರಬಹುದು. ಮರದ ತುಂಡಿನಲ್ಲಿ ನನಗೆ ಕಾಣೋದು ಭಯ ಮಾತ್ರ.

ಅವಳು: ನಮ್ಮವರ ಕೈಯಲ್ಲಿ ಕೋವಿ ಬಿಟ್ಟಿದ್ದರಲ್ಲ, ಹಾಗಾದರೆ ನಮ್ಮ ಕೊಡಗಿನಲ್ಲಿ ಮಾತ್ರ ಆ ಭಯ ಇರಲಿಲ್ಲ ಅಂತೀರಾ?

ಅವರು: 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1857 ಆದ ಮೇಲೆ ದೇಶದಲ್ಲೆಲ್ಲ ಜನರ ಆಯುಧ ಕಿತ್ತುಕೊಳ್ಳೋ ಕಾನೂನು ಬಂದಾಗ, 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನ ಅದರಿಂದ ಬಿಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ನಂಬಿಕೆಗೆ ಕೊಟ್ಟ ಬಹುಮಾನ ಅದು. ಯಾರ ಕೈಯಲ್ಲಿ ಕೋವಿ ಇರಬಹುದು, ಯಾರ ಕೈಯಲ್ಲಿ ಇರಬಾರದು ಅನ್ನೋದನ್ನ ತೀರ್ಮಾನ ಮಾಡೋ ಅಧಿಕಾರ ಮಾತ್ರ ಅವರದೇ ಆಗಿತ್ತು. ನಿಮ್ಮವರಿಗೆ ಕೋವಿ ಬಿಟ್ಟಿದ್ದೂ, ಬೇರೆಯವರ ಕೋವಿಗೆ ಮರ ತುಂಬಿದ್ದೂ ಒಂದೇ ಅಧಿಕಾರ.

ಅವಳು: ನಮ್ಮ ಮನೆಗಳಲ್ಲಿ ಅದನ್ನ ಬಹುಮಾನ ಅಂತ ಯಾರೂ ಅಂದುಕೊಂಡಿಲ್ಲ ಅಂಕಲ್. ಕಬ್ಬನ್ ಬರೋಕೆ ಮುಂಚೆಯೂ ಕೋವಿ ಇತ್ತು. ಗದ್ದೆ ಕೆಲಸ ಶುರುವಾದಾಗ ಕೋವಿ, ಪೀಚೆಕತ್ತಿ, ಒಡಿಕತ್ತಿ ಎಲ್ಲಾ ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಡೋದು. ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ದಿನ ಹೊರಗೆ ತೆಗೆದು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು. ಅಜ್ಜ ಹೋದಾಗ ಇದೇ ಕೋವಿಯಲ್ಲಿ ಎರಡು ಈಡು ಹೊಡೆದರು. ಒಂದು ಹೊಡೆದು, ಬೋಲ್ಟ್ ಎಳೆದು, ಖಾಲಿ ತೋಟೆ ತೆಗೆದು, ಜೇಬಿನಿಂದ ಇನ್ನೊಂದು ತೆಗೆದು ಕೈಯಿಂದ ಇಟ್ಟು. ನಡುವೆ ಆ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ. ಸರ್ಕಾರ ಯಾವ ಭಯಕ್ಕೆ ಮರ ತುಂಬಿತೋ, ಆ ಕೋವಿಯನ್ನ ನಮ್ಮ ಮನೆ ಬೇರೆಯದೇ ಕೆಲಸಕ್ಕೆ ಇಟ್ಟುಕೊಂಡಿತು.

ಅವರು: ಅದನ್ನ ಬರೆದಿಡು. ಯಾವ ಮುದ್ರೆಯಲ್ಲೂ ಸಿಗದ ವಿವರ ಅದು.

ಅವಳು: ಕಬ್ಬನ್ ಕೊಟ್ಟ ಆ ವಿನಾಯಿತಿ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೊಡವರಿಗೆ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ. ಹೈಕೋರ್ಟಿನಲ್ಲಿ ಪ್ರಶ್ನೆ ಬಂದಾಗ 2021ರಲ್ಲಿ ಅದನ್ನ ಎತ್ತಿ ಹಿಡಿದರು. ನಮ್ಮ ಮನೆಯಲ್ಲಿ ವಿನಾಯಿತಿ ಪತ್ರ ಇದೆ.

ಅವರು: ಪತ್ರದಲ್ಲಿ ಕೋವಿಯ ವಿವರ ಏನಂತ ಬರೆದಿದ್ದಾರೆ?

ಅವಳು: 'ಒಂಟಿ ನಳಿಗೆ, 410' ಅಂತ. ಅಜ್ಜನ ಪೆಟ್ಟಿಗೆಯಲ್ಲಿ ಇನ್ನೊಂದು ಹಳೇ ಕಾಗದ ಇದೆ. ಮಡಿಕೇರಿಯ ಅಂಗಡಿಯ ರಸೀದಿ. ಅದರಲ್ಲಿ '410 ಮಸ್ಕೆಟ್' ಅನ್ನೋ ಪದವೇ ಇದೆ. ಅದು ಮಸ್ಕೆಟ್ ಯಾಕಾಗುತ್ತೆ, ಅಂಗಡಿಯವರಿಗೆ ಗೊತ್ತಿರಲಿಲ್ಲ ಅಂತ ನಾವು ನಗ್ತಿದ್ದೆವು.

ಅವರು: ಅಂಗಡಿಯವರಿಗೆ ಚೆನ್ನಾಗಿ ಗೊತ್ತಿತ್ತು. ಮುದ್ರೆ ಹೇಳಿದ್ದನ್ನೇ ಕಾಗದವೂ ಹೇಳ್ತಿದೆ. ಇಂಥ ಪತ್ತೆ ಕೆಲಸದಲ್ಲಿ ಉಕ್ಕಿನ ಸಾಕ್ಷಿ ಬೇರೆ ಇರಬೇಕು, ಕಾಗದದ ಸಾಕ್ಷಿ ಬೇರೆ ಇರಬೇಕು, ಎರಡೂ ಒಂದೇ ಕಡೆ ಬಂದು ಸೇರಬೇಕು. ಬರೀ ಮನೆಯವರ ಮಾತು ನಂಬಿದರೆ ಪ್ರತಿಯೊಂದು ಮನೆಯ ಕೋವಿಯೂ ಟಿಪ್ಪುವಿನ ಕಾಲದ್ದಾಗಿಬಿಡುತ್ತೆ. ಹಿಂಬದಿ ಮರದ ಮೇಲೆ ಅಂಕಿ ಒತ್ತಿದ್ದಾರಾ?

ಅವಳು: ಹೌದು, ಎರಡಂಕಿ. ಮಾಸಿಹೋಗಿದೆ.

ಅವರು: ಠಾಣೆಯಲ್ಲೋ ಜೈಲಿನಲ್ಲೋ ಕೋವಿಗಳನ್ನ ಸಾಲಾಗಿ ನಿಲ್ಲಿಸ್ತಾರಲ್ಲ, ಆ ಸಾಲಿನ ಸಂಖ್ಯೆ ಅದು. ಕಾನ್‌ಸ್ಟೇಬಲ್ ಬೆಳಿಗ್ಗೆ ಎಣಿಸೋಕೆ. ಮನೆಯ ಕೋವಿಗೆ ಅದರ ಅಗತ್ಯ ಇಲ್ಲ. ಮುಂದೆ ಗುರಿ ನೋಡೋ ಕಡೆ ಹಿತ್ತಾಳೆಯ ಮಣಿ ಬೆಸುಗೆ ಹಾಕಿದ್ದಾರೆ ನೋಡು, ಅದು ಮಾತ್ರ ಕೊಡಗಿನ ಕೆಲಸ. ಮುಸ್ಸಂಜೆಯ ಮಬ್ಬಿನಲ್ಲಿ ಗುರಿ ಕಾಣಲಿ ಅಂತ ಯಾವನೋ ಬೇಟೆಯ ಅನುಭವ ಇದ್ದ ಅಕ್ಕಸಾಲಿಗ ಮಾಡಿಕೊಟ್ಟಿದ್ದಾನೆ. ಬೆಸುಗೆ ಬಹಳ ಚೆನ್ನಾಗಿದೆ. ಹಾಗಾಗಿ ಇದಕ್ಕೆ ಮೂರು ಕೈ ತಗುಲಿವೆ: ಎನ್‌ಫೀಲ್ಡಿನದು, ಇಶಾಪುರದ್ದು, ನಿಮ್ಮೂರಿನದು. ಇದರ ವಂಶದ್ದೂ ಒಂದು ಮಾತು ಹೇಳ್ತೀನಿ. ನಮ್ಮ ಮನೆ ಹಿಂದೆಯೇ ನೊಯಿಡಾ ಗಡಿ. ಆಚೆ ಉತ್ತರ ಪ್ರದೇಶದ ಪೊಲೀಸರು ಇದರ ಅಣ್ಣನಾದ .303 ರೈಫಲ್ಲನ್ನ 2020ರ ಗಣರಾಜ್ಯೋತ್ಸವದ ದಿನ ಬೀಳ್ಕೊಟ್ಟರು. ಅಷ್ಟು ವರ್ಷ ದುಡಿದ ವಂಶ ಇದು.

ಅವಳು: ಅಣ್ಣನ ತಲೆಯಲ್ಲಿ ಈಗ ಇನ್ನೊಂದು ಇದೆ. ಇದು ಅಸಲಿ ಅಂತ ಗೊತ್ತಾದರೆ ಮರದ ತುಂಡು ಕಿತ್ತು, ಹಳೇ ಮ್ಯಾಗಜಿನ್ ಎಲ್ಲಾದರೂ ತರಿಸಿ, ಮೊದಲಿನ ಹಾಗೆ ಮಾಡಿಸಬೇಕು ಅಂತಿದ್ದಾನೆ.

ಅವರು: ಬೇಡ ಅಂತ ಹೇಳು. ಇವತ್ತೇ ಹೇಳು. ಮ್ಯಾಗಜಿನ್ ಹಾಕಿದರೂ ಅದು ಕೆಲಸ ಮಾಡಲ್ಲ. ಕತ್ತಿಲ್ಲದ ನೇರ ತೋಟೆ ಆ ಮ್ಯಾಗಜಿನ್ನಿನಿಂದ ಸರಿಯಾಗಿ ಮೇಲೇರಲ್ಲ. ಕೊರೆದ ನಳಿಗೆಯೊಳಗೆ .303 ತೋಟೆ ಹಾಕಿದರೆ ಗುಂಡು ಗೋಡೆಗೇ ತಾಗಲ್ಲ, ಕೋಶ ಸಿಡಿದು ಹಿಡಿದವನ ಮುಖಕ್ಕೆ ಬರಬಹುದು. ಕಾನೂನೂ ಬಿಡಲ್ಲ. 1959ರ ಆಯುಧ ಕಾಯ್ದೆಯ 6ನೇ ಕಲಮಿನಲ್ಲಿ ಒಂದು ವರ್ಗದ ಆಯುಧವನ್ನ ಇನ್ನೊಂದು ವರ್ಗಕ್ಕೆ ಬದಲಾಯಿಸೋಕೆ ಲೈಸೆನ್ಸ್ ಬೇಕು. .303 ಸೇನೆಯ ಅಳತೆ, ನಿಷೇಧಿತ ಬೋರು. ಕೊಡವರ ವಿನಾಯಿತಿ ಇದೆ ಅಂತ ಅದನ್ನೆಲ್ಲ ದಾಟೋಕಾಗಲ್ಲ.

ಅವಳು: ಕಾನೂನು ಇಲ್ಲದಿದ್ದರೆ?

ಅವರು: ಆಗಲೂ ಬೇಡ ಅಂತಲೇ ಹೇಳ್ತಿದ್ದೆ. 1917ರ ಲೀ-ಎನ್‌ಫೀಲ್ಡ್ ಪ್ರಪಂಚದಲ್ಲಿ ಲಕ್ಷಗಟ್ಟಲೆ ಇವೆ, ಮ್ಯೂಸಿಯಮ್ಮುಗಳಲ್ಲಿ ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಮ್ಯಾಗಜಿನ್ ಮುಚ್ಚಿದ ಈ ಕೋವಿಯೇ ನಮ್ಮದು. ಆ ಮರದ ತುಂಡು ಕಿತ್ತರೆ ನಮ್ಮ ದೇಶದ ಭಾಗವೇ ಅದರಿಂದ ಹೋಗುತ್ತೆ. ಯಾವ ಕಾಲದಲ್ಲಿ ನಮ್ಮ ಪೊಲೀಸಿನವನನ್ನ ಅವನ ಯಜಮಾನ ಎಷ್ಟು ನಂಬುತ್ತಿದ್ದ ಅನ್ನೋದಕ್ಕೆ ಅದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಗೊತ್ತಿಲ್ಲ. ಇನ್ನೊಂದು ವಿಷಯ. ನಿನ್ನ ಅಣ್ಣ ಈಗ ಯಾವ ತೋಟೆ ಹಾಕ್ತಾನೆ?

ಅವಳು: ಅಂಗಡಿಯಲ್ಲಿ ಸಿಗೋ 410. ಸಲೀಸಾಗಿ ಹೋಗುತ್ತೆ ಅಂತಾನೆ.

ಅವರು: ಸಲೀಸಾಗಿ ಹೋಗಬಾರದು. ಅಂಗಡಿಯ 410 ತೋಟೆಯ ಬುಡ ಈ ಮಸ್ಕೆಟ್ಟಿನ ತೋಟೆಗಿಂತ ದಪ್ಪ. ಹೋಗ್ತಿದೆ ಅಂದರೆ ತೋಟೆ ಕೂರೋ ಜಾಗವನ್ನ ಯಾರೋ ಆಮೇಲೆ ಕೊರೆದು ಅಗಲ ಮಾಡಿದ್ದಾರೆ. ಮೂರು ಕೈ ಅಂದೆನಲ್ಲ, ನಾಲ್ಕನೆಯದೂ ಇದೆ. ಆ ಕೆಲಸ ಎಷ್ಟು ನೆಟ್ಟಗಾಗಿದೆ ಅನ್ನೋದು ತಿಳಿಯೋವರೆಗೂ ಒಂದು ಈಡೂ ಹೊಡೆಯಬಾರದು. ಹೊಡೆದು ಬಿಟ್ಟ ಖಾಲಿ ತೋಟೆಗಳಿದ್ದರೆ ಬಿಸಾಕದೆ ಇಟ್ಟಿರಲಿ. ಅದರ ಬುಡ ಉಬ್ಬಿದೆಯಾ, ಸೀಳು ಬಿಟ್ಟಿದೆಯಾ ನೋಡಬೇಕು. ಲೈಸೆನ್ಸ್ ಇರೋ ಕೋವಿ ರಿಪೇರಿಯವರ ಹತ್ತಿರ ತಗೊಂಡು ಹೋಗಿ ಅಳತೆ ಮಾಡಿಸಲಿ.

ಅವಳು: ಈಗಲೇ ವಾಯ್ಸ್ ಮೆಸೇಜ್ ಹಾಕ್ತೀನಿ. ಮರದ ತುಂಡು ಮುಟ್ಟಬೇಡ, ಈಡು ಹೊಡೆಯಬೇಡ, ಖಾಲಿ ತೋಟೆ ಎತ್ತಿಡು. ಇನ್ನೇನಾದರೂ ಹೇಳಬೇಕಾ?

ಅವರು: ಆ ರಸೀದಿಯ ಹಿಂಬದಿಯ ಫೋಟೋನೂ ತೆಗೆಯಲಿ. ಸರ್ಕಾರಿ ಉಗ್ರಾಣದಿಂದ ಹರಾಜಿನಲ್ಲಿ ಬಂದ ಮಾಲಾಗಿದ್ದರೆ ಅದರ ಮೊಹರು ಸಾಮಾನ್ಯವಾಗಿ ಆ ಕಡೆಗೇ ಬಿದ್ದಿರುತ್ತೆ.